ಬಾಕಿ

ಹೊಸಂಗಡಿಯಲ್ಲಿ, ಟಯರಿನ ಅಂಗಡಿಯ ಮಾಳಿಗೆಯಲ್ಲಿ
ನನ್ನ ಕೋಣೆ: ಎರಡು ಪರದೆ, ಒಂದು ಹೂಜಿ.
ಕೆಳಗೆ ಇಸ್ಮಾಲಿ ಟ್ಯೂಬಿಗೆ ಗಾಳಿ ತುಂಬಿ
ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾನೆ;
ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು.
ಇಪ್ಪತ್ತೊಂದು ವರ್ಷದಿಂದ ನನ್ನ ಕಸುಬೂ ಅದೇ:
ಬರೆದದ್ದನ್ನು ಮುಳುಗಿಸುವುದು,
ಗುಳ್ಳೆಗೆ ಕಾಯುವುದು.

ಶುರುವಾದದ್ದು ಕುಂಬಳೆಯ ಪ್ರೆಸ್ಸಿನಲ್ಲಿ.
ಮದುವೆ ಕಾಗದ, ಬೊಜ್ಜದ ಕಾಗದ,
ಸೊಸೈಟಿಯ ವಾರ್ಷಿಕ ವರದಿ:
ಹಳೆಯ ಫೈಲುಗಳೆಲ್ಲ ಹೊಸ ಕಂಪ್ಯೂಟರಿನಲ್ಲಿ
ಉಪ್ಪಿಗೆ ಬಿದ್ದ ಜಿಗಣೆಯಂತೆ ಸುರುಟಿಕೊಂಡವು.
ರಾತ್ರಿ ಕೂತು ಹದಿನಾಲ್ಕು ಸಾಲಿನ ಸ್ಕ್ರಿಪ್ಟು ಬರೆದೆ.
ಕ ಹೋಗಿ ಕ ಬಂತು, ಗ ಹೋಗಿ ಗ,
ಒತ್ತು, ದೀರ್ಘ, ಸೊನ್ನೆ ಎಲ್ಲ ಬಂದವು.
ಅರ್ಕಾವೊತ್ತು ಮಾತ್ರ ಹಟಮಾರಿ.
ಬರೆಯುವಾಗ ಹಿಂದೆ ನಿಂತು ಓದುವಾಗ ಮುಂದೆ ಓಡುವ ಅದಕ್ಕೆ
ನನ್ನ ಯಂತ್ರ ದಾರಿ ಬಿಡಲಿಲ್ಲ.
ಸೂರ್ಯ ಸೂಯರ್ ಆದ,
ಕಾರ್ಯಕ್ರಮ ಕಾಯರ್ಕ್ರಮ,
ಸ್ವರ್ಗಸ್ಥರೆಲ್ಲ ಸ್ವಗರ್ಸ್ಥರಾಗಿ
ಎಲ್ಲಿಗೋ ಹೋಗಿಬಿಟ್ಟರು.
ಒಂದು ಕೊಂಡಿಯನ್ನು ಒಂದು ಹೆಜ್ಜೆ ಸರಿಸಲಿಕ್ಕೆ
ನಾಲ್ಕು ರಾತ್ರಿ, ನೂರ ಎಂಟು ಸಾಲು.
ಯಜಮಾನ ತ್ಯಾಂಪಣ್ಣ ರೈಗಳು ಪ್ರೂಫು ನೋಡಿ,
ಕನ್ನಡಕ ಒರೆಸಿ ಹೇಳಿದ್ದಿಷ್ಟೆ:
"ಈಗ ಸತ್ತವರು ಸರಿಯಾಗಿ ಸತ್ತಿದ್ದಾರೆ."
ಅಷ್ಟು ದೊಡ್ಡ ಪ್ರಶಸ್ತಿ ಮತ್ತೆ ಸಿಗಲಿಲ್ಲ.

ಆಮೇಲೆ, ಜನರ ಹಿಂದೆ ಕೂರುವ ಕೆಲಸ.
ಅವರು ಒತ್ತಬೇಕು, ನಾನು ನೋಡಬೇಕು,
ಬಾಯಿ ಬಿಡಬಾರದು.
ಅವರು ತಪ್ಪಿದರೆ ತಪ್ಪು ನನ್ನದು, ಇದೊಂದೇ ನಿಯಮ.
ಪೆರ್ಲದ ನಿವೃತ್ತ ಪೋಸ್ಟ್‌ಮ್ಯಾನ್ ಐತಪ್ಪ ಬೆಳ್ಚಪ್ಪಾಡ
ನನ್ನ ಅರ್ಜಿಯ ಚೌಕದಲ್ಲಿ ಹೆಸರು ಕುಟ್ಟುತ್ತ ಕುಟ್ಟುತ್ತ
ಕೊನೆಯಲ್ಲಿ ನಿಂತುಬಿಟ್ಟರು.
ಕಣ್ಣಿಗೆ ಅದು ಏಳೇ ಅಕ್ಷರ.
ಯಂತ್ರದ ಎಣಿಕೆಗೆ, ನಡುವಿನ ತೆರಪೂ ಸೇರಿ, ಹದಿನಾರು.
ಹದಿನೈದಕ್ಕೆ ಬೇಲಿ ಹಾಕಿದವಳು ನಾನೇ.
ಊರೂರಿನ ಕಾಗದವನ್ನು ಮನೆಮನೆಗೆ ಮುಟ್ಟಿಸಿದವರು
ತಮ್ಮ ಹೆಸರಿನ ಬಾಗಿಲಲ್ಲಿ ನಿಂತು ಕೇಳಿದರು:
"ನನ್ನ ಡ ತೆಗೆದಿರಲ್ಲ ಮೇಡಮ್?
ಇರಲಿ. ಶಾಲೆಯವರು ಮೊದಲೇ ಐ ತೆಗೆದಿದ್ದರು."

ಆವತ್ತು ಊಟ ಸೇರಲಿಲ್ಲ.

ಈಗ ಎಲ್ಲ ಅಂಗೈಯಲ್ಲಿ.
ಮಂಜೇಶ್ವರದ ದಕ್ಕೆಯಲ್ಲಿ ಬೆಳಗ್ಗೆ ಐದಕ್ಕೆ
ಜಲಜಕ್ಕನ ಪಕ್ಕ ಮಗುಚಿದ ಬುಟ್ಟಿಯ ಮೇಲೆ ಕೂತೆ.
ಬೂತಾಯಿ, ಬಂಗುಡೆ, ನಂಗು,
ಯಾರಿಗೆ ಎಷ್ಟು ಕೊಟ್ಟದ್ದು, ಎಷ್ಟು ಬರಬೇಕು,
ಎಲ್ಲ ನನ್ನ ಆ್ಯಪಿನಲ್ಲಿ, ಎರಡೇ ಒತ್ತಿಗೆ.
ಕೋಣೆಯಲ್ಲಿ ಚೆನ್ನಾಗಿ ನಡೆದಿತ್ತು.
ಇಲ್ಲಿ ಗಾಜು
ಒದ್ದೆ ಬೆರಳನ್ನು ಬೆರಳೆಂದೇ ಒಪ್ಪಲಿಲ್ಲ.
ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು,
ಅಂಟಿದ್ದ ಒಂದು ಚಿಪ್ಪು
ಮೂವತ್ತನ್ನು ಮುನ್ನೂರು ಮಾಡಿತು.
"ಉಂದು ದಾನೆ?" ಎಂದು ನನ್ನ ಮುಖ ನೋಡಿದಳು.

ಪರದೆ ಬಿಟ್ಟು ಬದಿಯ ಗುಂಡಿಗೆ ಬಂದೆ:
ಮೇಲೆ ಒತ್ತಿದರೆ ಕೊಟ್ಟದ್ದು, ಕೆಳಗೆ ಒತ್ತಿದರೆ ಬಂದದ್ದು.
ಹೆಸರಿನ ಬದಲು ಗಿರಾಕಿಯ ಮುಖ.
ಒಂದು ಪದ ಮಾತ್ರ ಬೇಕೇ ಬೇಕಿತ್ತು, ಮೊತ್ತದ ತಲೆಯ ಮೇಲೆ.
ಕನ್ನಡದಲ್ಲೋ, ಮಲಯಾಳದಲ್ಲೋ,
ತುಳುವೋ, ಬ್ಯಾರಿಯೋ?
ವಾರವಿಡೀ ತಲೆ ಕೆಡಿಸಿಕೊಂಡೆ.
ಇಸ್ಮಾಲಿ ಕೆಳಗಿನಿಂದ ಯಾರಿಗೋ ಕೂಗಿದ,
"ಬಾಕಿ ಯಾವಾಗ ಕೊಡ್ತೀ?"
ನಾಲ್ಕು ಭಾಷೆಯ ಊರು
ಅದೊಂದರಲ್ಲಿ ಎಂದೋ ಒಂದಾಗಿತ್ತು.

ಮೂವತ್ತೊಂದು ಜನ ಹಾಕಿಸಿಕೊಂಡರು.
ವರ್ಷಕ್ಕೊಮ್ಮೆ ಫೋನಿನ ಕಂಪನಿ ಪೊರೆ ಬಿಡುತ್ತದೆ,
ನಾನು ಹಿಂದೆಯೇ ಓಡಿ ಹೊಸ ಚರ್ಮಕ್ಕೆ ಗುಂಡಿ ಹೊಲಿಯುತ್ತೇನೆ.

ಮೊನ್ನೆ ಜಲಜಕ್ಕನ ಫೋನು ದೋಣಿಯಿಂದ ನೀರಿಗೆ ಜಾರಿತು.
ಓಡಿಹೋದೆ. "ಲೆಕ್ಕವೆಲ್ಲ ಹೋಯಿತಾ?"
"ಇಲ್ಲ ಮಾರಾಯ್ತಿ, ತಲೆಯಲ್ಲೇ ಉಂಟಲ್ಲ."
"ಮತ್ತೆ ಮೂರು ವರ್ಷ ಅದನ್ನು ಒತ್ತುತ್ತಿದ್ದದ್ದು?"
ಮಂಜುಗಡ್ಡೆ ಒಡೆಯುತ್ತ, ತಲೆಯೆತ್ತದೆ ಹೇಳಿದಳು:
"ನೀನು ಬೇಜಾರು ಮಾಡ್ತಿ ಅಂತ."

ಟಿಪ್ಪಣಿ ಪುಸ್ತಕ ತೆಗೆದೆ, ಏನೂ ಬರೆಯಲಿಲ್ಲ.
ಹೊರಟವಳನ್ನು ಕರೆದಳು,
ಒದ್ದೆ ಹೆಬ್ಬೆರಳು ಗಾಳಿಯಲ್ಲಿ ಒಮ್ಮೆ ಕೆಳಗೆ ಒತ್ತಿ:
"ಆವತ್ತಿನ ನಂಗಿನದು, ಎಂಬತ್ತು.
ನಿನ್ನದೇ ಬಾಕಿ."